ಆಡದ ಬ್ಯಾಟು, ಆರದ ಸಿಟ್ಟು

ಮನೆಯವರ ಮೇಲೆ ಬರುವ ಸಿಟ್ಟಿಗೆ ಸಂಬಂಧದ ಹಕ್ಕಾದರೂ ಇದೆ. ನಾವು ಎಂದೂ ಮಾತಾಡಿಸದ, ನಮ್ಮ ಹೆಸರು ಕೂಡ ತಿಳಿಯದ ಒಬ್ಬ ಆಟಗಾರನ ಮೇಲೆ ಅಷ್ಟೇ ಸಿಟ್ಟು ಬರುತ್ತದಲ್ಲ, ಅದಕ್ಕೆ ಯಾವ ಹಕ್ಕು? ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ತಮ್ಮದೇ ತಂಡದ ಆಟಗಾರನನ್ನು ಕೂಗಿ ಹೀಯಾಳಿಸುವುದನ್ನು ನೋಡುವಾಗಲೆಲ್ಲ ಈ ಪ್ರಶ್ನೆ ನನ್ನಲ್ಲಿ ಏಳುತ್ತದೆ. ಅವರ ಸಿಟ್ಟನ್ನು ನಾನು ಹಗುರಾಗಿ ಕಾಣಲಾರೆ. ಅದರ ಬುಡದಲ್ಲಿ ವರ್ಷಗಟ್ಟಲೆಯ ಪ್ರೀತಿ ಇರುತ್ತದೆ.

ಬೇಸ್‌ಬಾಲ್ ದಿನನಿತ್ಯದ ಆಟ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯ ಆಡುತ್ತದೆ. ಅಡುಗೆಮನೆಯ ರೇಡಿಯೊದಲ್ಲಿ, ಕಾರಿನಲ್ಲಿ, ಅಜ್ಜನ ಕುರ್ಚಿಯ ಎದುರಿನ ಟಿವಿಯಲ್ಲಿ ಆರು ತಿಂಗಳು ಅದೇ ಹೆಸರುಗಳು ಕೇಳುತ್ತಿರುತ್ತವೆ. ಕ್ರಿಕೆಟ್‌ನಲ್ಲಿ ಸೊನ್ನೆಗೆ ಔಟಾದವನು ಮುಂದಿನ ಇನಿಂಗ್ಸ್‌ವರೆಗೆ ಬ್ಯಾಟು ಹಿಡಿಯಬೇಕಿಲ್ಲ. ಬೇಸ್‌ಬಾಲ್ ಬ್ಯಾಟರ್ ಒಂದೇ ಸಂಜೆ ನಾಲ್ಕೈದು ಸಲ ಬಂದು ನಿಲ್ಲಬೇಕು. ನಾಲ್ಕೈದು ಸಲವೂ ಸೋತರೆ ನಾಳೆ ಸಂಜೆ ಅದೇ ಜನರ ಮುಂದೆ ಮತ್ತೆ ಬರಬೇಕು. ಹೀಗೆ ವಾರಗಟ್ಟಲೆ ನಡೆದಾಗ ಅವನು ಸ್ಲಂಪ್‌ನಲ್ಲಿದ್ದಾನೆ ಅನ್ನುತ್ತಾರೆ. ಆಗ ಆ ಊರಿಗೆ ಊರೇ ಅವನ ಜೊತೆ ನರಳುತ್ತದೆ.

ಸೋಲಿನ ಲೆಕ್ಕವೂ ಈ ಆಟದಲ್ಲಿ ಬೇರೆಯೇ. ಚೆಂಡನ್ನು ಹೊಡೆದು ಔಟಾಗದೆ ಬೇಸ್ ತಲುಪಿದರೆ ಅದು ಹಿಟ್. ಹತ್ತು ಅವಕಾಶಗಳಲ್ಲಿ ಮೂರು ಹಿಟ್ ಹೊಡೆದರೆ ಸರಾಸರಿ .300; ಅಷ್ಟು ಸಾಧಿಸಿದವನು ಉತ್ತಮ ಬ್ಯಾಟರ್. 1941ರಲ್ಲಿ .406 ಸರಾಸರಿ ಪಡೆದ ಬಾಸ್ಟನ್‌ನ ಟೆಡ್ ವಿಲಿಯಮ್ಸ್ ದಂತಕಥೆಯಾದ. ಅವನೂ ಹತ್ತರಲ್ಲಿ ಆರು ಸಲ ಸೋತವನೇ. ಚೆಂಡು ಎಸೆಯುವ ಪಿಚರ್ ನಿಲ್ಲುವುದು ಸುಮಾರು ಹದಿನೆಂಟೂವರೆ ಮೀಟರ್ ದೂರದಲ್ಲಿ. ವೇಗದ ಚೆಂಡು ಬ್ಯಾಟರ್‌ನನ್ನು ತಲುಪಲು ಸುಮಾರು 0.4 ಸೆಕೆಂಡ್ ಸಾಕು. ಬೀಸಬೇಕೋ ಬಿಡಬೇಕೋ ಎಂಬ ತೀರ್ಮಾನ ಆ ಎಳೆಯಷ್ಟು ಸಮಯದಲ್ಲೇ ಆಗಬೇಕು. ಮನಸ್ಸಿನಲ್ಲಿ ಒಂದು ಅನುಮಾನ ಹೊಕ್ಕರೆ ಕೈ ತಡವಾಗುತ್ತದೆ. ತಡವಾದ ಕೈ ಇನ್ನೊಂದು ಅನುಮಾನವನ್ನು ತರುತ್ತದೆ.

ಕ್ರಿಸ್ ಡೇವಿಸ್‌ನ ಕತೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಈ ದೈತ್ಯ ಕ್ರಿಕೆಟ್‌ನ ಸಿಕ್ಸರ್‌ನಂಥ ಹೋಮ್‌ರನ್‌ಗಳನ್ನು 2013ರಲ್ಲಿ 53, 2015ರಲ್ಲಿ 47 ಹೊಡೆದ. ಎರಡು ವರ್ಷವೂ ಇಡೀ ಮೇಜರ್ ಲೀಗ್‌ನಲ್ಲಿ ಅವನೇ ಮೊದಲಿಗ. 2016ರ ಆರಂಭದಲ್ಲಿ ತಂಡ ಅವನೊಂದಿಗೆ ಏಳು ವರ್ಷಕ್ಕೆ 16 ಕೋಟಿ 10 ಲಕ್ಷ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಬೇಸ್‌ಬಾಲ್ ಒಪ್ಪಂದ ಖಾತರಿಯದು. ಆಡಿದರೂ ಆಡದಿದ್ದರೂ ಹಣ ಸಂದೇ ಸಲ್ಲುತ್ತದೆ. ಅಲ್ಲಿಂದ ಅವನ ಆಟ ಇಳಿಯುತ್ತ ಹೋಯಿತು. 2018ರಲ್ಲಿ ಅವನ ಸರಾಸರಿ .168ಕ್ಕೆ ಕುಸಿಯಿತು. ಪೂರ್ಣ ಋತುವಿನ ಲೆಕ್ಕಕ್ಕೆ ಬರುವ ಬ್ಯಾಟರ್‌ಗಳಲ್ಲಿ ಯಾರೂ ಅಷ್ಟು ಕೆಳಗಿಳಿದಿರಲಿಲ್ಲ. ತಂಡ ಆ ವರ್ಷ 115 ಪಂದ್ಯ ಸೋತಿತು. ಆ ಸೆಪ್ಟೆಂಬರ್‌ನಿಂದ 2019ರ ಏಪ್ರಿಲ್‌ವರೆಗೆ ಸತತ 54 ಅವಕಾಶಗಳಲ್ಲಿ ಡೇವಿಸ್‌ಗೆ ಒಂದೂ ಹಿಟ್ ಸಿಗಲಿಲ್ಲ. ಪಿಚರ್ ಅಲ್ಲದ ಆಟಗಾರರಲ್ಲಿ ಅದೂ ಒಂದು ದಾಖಲೆ.

ಬಾಲ್ಟಿಮೋರ್‌ನವರು ಕೂಗಿದರು. ಕೂಗದೆ ಇನ್ನೇನು ಮಾಡಿಯಾರು? ದುಡಿದ ಹಣದಲ್ಲಿ ಟಿಕೆಟ್ ಕೊಂಡು, ಮಕ್ಕಳನ್ನು ಕರೆದುಕೊಂಡು ಬಂದವರು. ಅವನ ಸಂಬಳದ ಭಾರದಲ್ಲಿ ತಂಡಕ್ಕೆ ಬೇರೆ ಆಟಗಾರರನ್ನು ತರುವ ಕೈ ಕಟ್ಟಿಹೋಗಿತ್ತು. ಈ ಕಹಿಗೆ ನ್ಯಾಯವಿದೆ ಎಂದೇ ನಾನು ನಂಬುತ್ತೇನೆ. ಆದರೆ ಆ ಏಪ್ರಿಲ್ 13ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ಕೊನೆಗೂ ಒಂದು ಹಿಟ್ ಬಂದಾಗ ಡೇವಿಸ್ ಆ ಚೆಂಡನ್ನು ಕೇಳಿ ಇಟ್ಟುಕೊಂಡ. ಐವತ್ಮೂರು ಹೋಮ್‌ರನ್ ಹೊಡೆದವನು ಒಂದು ಸಾಮಾನ್ಯ ಹಿಟ್‌ನ ಚೆಂಡನ್ನು ಬೇಡಿ ಪಡೆಯುವಾಗ, ಹಣ ಬಂತಲ್ಲ, ಅವನಿಗೇನು ನೋವು ಎಂಬ ಮಾತಿಗೆ ನೆಲೆಯಿಲ್ಲ. ಮುಂದೆಯೂ ಅವನ ಆಟ ಚೇತರಿಸಲಿಲ್ಲ, 2021ರಲ್ಲಿ ನಿವೃತ್ತನಾದ. ಅದಕ್ಕೂ ಮೊದಲು, 2019ರಲ್ಲಿ, ಅವನೂ ಅವನ ಹೆಂಡತಿಯೂ ಅದೇ ಊರಿನ ಮಕ್ಕಳ ಆಸ್ಪತ್ರೆಗೆ 30 ಲಕ್ಷ ಡಾಲರ್ ಕೊಟ್ಟಿದ್ದರು.

ಸಿಟ್ಟಿಗೆ ಇನ್ನೊಂದು ದಾರಿಯೂ ಇದೆ ಎಂದು ತೋರಿಸಿಕೊಟ್ಟದ್ದು ನ್ಯೂಯಾರ್ಕ್‌ನ ಬ್ರೂಕ್ಲಿನ್. ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ, 1952ರಲ್ಲಿ, ಅಲ್ಲಿಯ ಡಾಡ್ಜರ್ಸ್ ತಂಡದ ಗಿಲ್ ಹಾಡ್ಜಸ್ ಏಳು ಪಂದ್ಯಗಳ 21 ಅವಕಾಶಗಳಲ್ಲಿ ಒಂದೂ ಹಿಟ್ ಕಾಣಲಿಲ್ಲ. ತಂಡ ಯಾಂಕೀಸ್ ಎದುರು ಸೋತಿತು. ಮುಂದಿನ ವಸಂತದಲ್ಲೂ ಅವನ ಬ್ಯಾಟು ಮಾತಾಡಲಿಲ್ಲ. ಬ್ರೂಕ್ಲಿನ್ ಜನ ಅವನನ್ನು ಹೀಯಾಳಿಸಲಿಲ್ಲ. ಕಾಗದ ಬರೆದರು, ಜಪಮಾಲೆ ಕಳಿಸಿದರು. ಒಂದು ಸೆಕೆಯ ಭಾನುವಾರ ಅಲ್ಲಿಯ ಪಾದ್ರಿಯೊಬ್ಬರು ಪ್ರವಚನವನ್ನು ಮೊಟಕುಗೊಳಿಸಿ, ಗಿಲ್ ಹಾಡ್ಜಸ್‌ಗಾಗಿ ಪ್ರಾರ್ಥಿಸಿ ಎಂದು ಹೇಳಿ ಮುಗಿಸಿದರು. ಹಾಡ್ಜಸ್ 1953ರ ಋತುವನ್ನು .302 ಸರಾಸರಿಯಲ್ಲಿ ಮುಗಿಸಿದ. 1955ರಲ್ಲಿ ಬ್ರೂಕ್ಲಿನ್ ತನ್ನ ಒಂದೇ ಒಂದು ವರ್ಲ್ಡ್ ಸೀರೀಸ್ ಗೆದ್ದಾಗ ಕೊನೆಯ ಪಂದ್ಯದ ಎರಡೂ ರನ್ ಬಂದದ್ದು ಅವನ ಬ್ಯಾಟಿನಿಂದ.

ಹಳೆಯ ಕಾಲದ ಒಳ್ಳೆಯತನ ಎಂದು ಇದನ್ನು ಬದಿಗಿಡುವಂತಿಲ್ಲ. ಒರಟು ಕೂಗಿಗೆ ಹೆಸರಾದ ಫಿಲಡೆಲ್ಫಿಯಾ 2023ರಲ್ಲಿ ಅದನ್ನೇ ಮಾಡಿತು. ಫಿಲೀಸ್ ತಂಡಕ್ಕೆ ಹನ್ನೊಂದು ವರ್ಷಕ್ಕೆ 30 ಕೋಟಿ ಡಾಲರ್‌ಗೆ ಬಂದ ಟ್ರೇ ಟರ್ನರ್ ಮೊದಲ ನಾಲ್ಕು ತಿಂಗಳು ಎಡವುತ್ತಲೇ ಇದ್ದ. ಮಿಯಾಮಿಯಲ್ಲಿ ಅವನ ತಪ್ಪಿನಿಂದ ಒಂದು ಪಂದ್ಯವೂ ಕೈಬಿಟ್ಟಿತು. ತಂಡ ಊರಿಗೆ ಮರಳಿದಾಗ, ಆಗಸ್ಟ್ 4ರಂದು, ಅವನು ಬ್ಯಾಟು ಹಿಡಿದು ಬರುತ್ತಿದ್ದಂತೆ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಲ್ಲಿಯವರೆಗೆ ಅವನ ಹೋಮ್‌ರನ್ 10. ಅಲ್ಲಿಂದ ಋತು ಮುಗಿಯುವುದರೊಳಗೆ ಇನ್ನೂ 16. ಊರಿನ ರಸ್ತೆಬದಿಯ ಜಾಹೀರಾತು ಫಲಕಗಳಲ್ಲಿ ಅವನು ಜನರಿಗೆ ಕೃತಜ್ಞತೆ ಹೇಳಿದ.

ಚಪ್ಪಾಳೆಯೇ ಹೋಮ್‌ರನ್ ಹೊಡೆಸಿತೆಂದು ನಾನು ಹೇಳಲಾರೆ. ಟರ್ನರ್ ಮೊದಲಿನಿಂದಲೂ ನುರಿತ ಬ್ಯಾಟರ್. ಇಂದಲ್ಲ ನಾಳೆ ಲಯಕ್ಕೆ ಬರುತ್ತಿದ್ದನೇನೋ. ಚಪ್ಪಾಳೆ ಫಲ ಕೊಡದಿದ್ದರೂ ಆ ಸಂಜೆಯ ಬೆಲೆ ಕಡಿಮೆಯಾಗುತ್ತಿರಲಿಲ್ಲ. ನಲವತ್ತು ಸಾವಿರ ಜನ ತಮ್ಮ ಕಹಿಯನ್ನು ನುಂಗಿ, ಸೋಲುತ್ತಿರುವವನಿಗೆ ‘ನೀನು ನಮ್ಮವನು’ ಎಂದು ಹೇಳಬಲ್ಲರೆಂದರೆ, ಅಭಿಮಾನ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಅರ್ಥ ನನಗೆ ಕಾಣದು.

ಹಾಗಾದರೆ ಸಿಟ್ಟೇ ಬೇಡವೇ? ಬೇಕು, ಸಲ್ಲಬೇಕಾದ ಕಡೆಗೆ ಸಲ್ಲಬೇಕು. 2023ರಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ 112 ಪಂದ್ಯ ಸೋತಿತು. ಮಾಲೀಕ ಜಾನ್ ಫಿಶರ್ ಒಳ್ಳೆಯ ಆಟಗಾರರನ್ನೆಲ್ಲ ಬಿಟ್ಟುಕೊಟ್ಟು ತಂಡವನ್ನು ಲಾಸ್ ವೇಗಸ್‌ಗೆ ಸಾಗಿಸಲು ಹೊರಟಿದ್ದ. ಜೂನ್ 13ರ ರಾತ್ರಿ ಸುಮಾರು 28 ಸಾವಿರ ಅಭಿಮಾನಿಗಳು ಖಾಲಿ ಹೊಡೆಯುತ್ತಿದ್ದ ಕ್ರೀಡಾಂಗಣಕ್ಕೆ ಬಂದು, ತಂಡವನ್ನು ಮಾರು ಎಂದು ಮಾಲೀಕನಿಗೆ ಕೇಳುವಂತೆ ಕೂಗಿದರು, ಆಟಗಾರರನ್ನು ಹುರಿದುಂಬಿಸಿದರು. ತಂಡ ಆ ರಾತ್ರಿ ಗೆದ್ದಿತು. ಮಾಲೀಕನ ಮನಸ್ಸು ಬದಲಾಗಲಿಲ್ಲ. 2024ರ ನಂತರ ತಂಡ ಓಕ್ಲೆಂಡ್ ಬಿಟ್ಟಿತು. ಆದರೂ ಯಾರ ಮೇಲೆ ಸಿಟ್ಟಾಗಬೇಕು, ಯಾರ ಬೆನ್ನು ತಟ್ಟಬೇಕು ಎಂಬ ವಿವೇಕವನ್ನು ಆ ಜನ ಕಳೆದುಕೊಳ್ಳಲಿಲ್ಲ.

ಈಗ ಇನ್ನೊಂದು ಬಗೆಯ ಕೋಪ ಮೈದಾನಕ್ಕೆ ನುಗ್ಗಿದೆ. ಕ್ರೀಡಾ ಬೆಟ್ಟಿಂಗ್‌ಗೆ ಇದ್ದ ತಡೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೆಗೆದುಹಾಕಿದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಬಾಜಿ ಕಟ್ಟುವುದು ಕಾನೂನುಬದ್ಧವಾಗಿದೆ. 2025ರ ಮೇ ತಿಂಗಳಲ್ಲಿ ಹ್ಯೂಸ್ಟನ್‌ನ ಪಿಚರ್ ಲ್ಯಾನ್ಸ್ ಮೆಕಲರ್ಸ್ ದೀರ್ಘ ಗಾಯದಿಂದ ಮರಳಿ ಬಂದು ಒಂದು ಪಂದ್ಯದಲ್ಲಿ ಕೆಟ್ಟದಾಗಿ ಎಸೆದ. ಅವನ ಪುಟ್ಟ ಮಕ್ಕಳನ್ನು ಕೊಲ್ಲುವುದಾಗಿ ಬೆದರಿಕೆ ಬಂತು. ಬೆದರಿಸಿದವನು ಬಾಜಿಯಲ್ಲಿ ಸೋತ ಹೊರದೇಶದವನೆಂದು ಪೊಲೀಸರು ಪತ್ತೆ ಮಾಡಿದರು. ತಂಡದ ಜೊತೆ ನರಳುವವನ ಸಂಕಟಕ್ಕೂ ಹಣ ಕಳೆದುಕೊಂಡವನ ಈ ಕ್ರೌರ್ಯಕ್ಕೂ ಯಾವ ನೆಂಟಸ್ತನವೂ ಇಲ್ಲ. ಇದನ್ನು ಮೊದಲು ಖಂಡಿಸಬೇಕಾದವರು ನಿಜವಾದ ಅಭಿಮಾನಿಗಳೇ.

ಮೈಗಳ್ಳತನ ಮಾಡುವವನನ್ನು ಕೂಗಿ ಎಚ್ಚರಿಸಿ. ತಂಡವನ್ನು ಬರಿದು ಮಾಡುವ ಮಾಲೀಕನನ್ನು ಬಿಡಬೇಡಿ. ಆದರೆ ಬೆವರು ಸುರಿಸಿಯೂ ಸೋಲುತ್ತಿರುವವನು ಮತ್ತೆ ಬ್ಯಾಟು ಹಿಡಿದು ಬಂದರೆ, ನಿಮ್ಮ ಆಟ ಬೇಸ್‌ಬಾಲ್ ಇರಲಿ ಕ್ರಿಕೆಟ್ ಇರಲಿ, ದಯವಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿ. ಗೆದ್ದವನಿಗೆ ಚಪ್ಪಾಳೆ ಹೇಗೂ ಸಿಗುತ್ತದೆ. ಅಭಿಮಾನಿ ಬೇಕಾಗಿರುವುದು ಸೋಲುತ್ತಿರುವವನಿಗೆ.