ಗೋಳಗುಮ್ಮಟದ ಗೋಡೆಗೆ ಬಾಯಿಯೂ ಉಂಟು!

ಗೋಡೆಗೂ ಕಿವಿಯುಂಟು ಎಂಬ ಮಾತನ್ನು ನೀವು ನೂರು ಸಲ ಕೇಳಿರುತ್ತೀರಿ. ಗೋಡೆಗೆ ಬಾಯಿಯೂ ಉಂಟೆಂದು ಗೊತ್ತೆ? ನನಗೆ ಗೊತ್ತಾದದ್ದು ವಿಜಯಪುರದಲ್ಲಿ, ಅದೂ ನಮ್ಮ ಅತ್ತೆಯವರ ದೆಸೆಯಿಂದ!

ನಮ್ಮದು ಐದು ಊರಿಗೆ ಹರಡಿದ ಸಂಸಾರ. ನಾನೂ ಅತ್ತೆಯವರೂ ಸೇಡಂನಲ್ಲಿ, ನನ್ನ ತವರು ಚಿತ್ತಾಪುರ, ನೆಗೆಣ್ಣಿ ವಾಡಿಯಲ್ಲಿ, ದೊಡ್ಡ ನಾದಿನಿ ಚಿಂಚೋಳಿಯಲ್ಲಿ, ಚಿಕ್ಕವಳು ಶಹಾಬಾದಿನಲ್ಲಿ. ಮದುವೆ, ಜಾತ್ರೆ ಬಿಟ್ಟರೆ ಎಲ್ಲರೂ ಕೂಡುವುದೇ ಅಪರೂಪ. ಸಂಕ್ರಾಂತಿ ಮುಗಿದ ಮೇಲೆ ಹೆಂಗಸರಷ್ಟೇ ಶಹಾಬಾದಿನಲ್ಲಿ ಸೇರಿ, ಒಂದು ಜೀಪು ಗೊತ್ತುಮಾಡಿಕೊಂಡು ವಿಜಯಪುರಕ್ಕೆ ಹೊರಟೆವು.

ಬುತ್ತಿ ಅತ್ತೆಯವರದು. ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿದ್ದರು. ಜೇವರ್ಗಿ ದಾಟಿ, ಸಿಂದಗಿ ಹತ್ತಿರ ಬೇವಿನ ಗಿಡದ ಕೆಳಗೆ ಬಿಚ್ಚಿದೆವು. ಪಲ್ಯದಲ್ಲಿ ಉಪ್ಪೇ ಉಪ್ಪು! ಎಲ್ಲರೂ ತಂಬಿಗೆಗಟ್ಟಲೆ ನೀರು ಕುಡಿದು, "ಭಾಳ ರುಚಿ ಆಗೇದ" ಎಂದೆವು.

ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ವಸ್ತು ಸಂಗ್ರಹಾಲಯವಿದೆ. ಅಲ್ಲಿನ ಶಿಲ್ಪ, ಶಾಸನಗಳನ್ನು ಕಣ್ಣಿನಿಂದ ನೋಡಬೇಕೇ ಹೊರತು ಮುಟ್ಟುವಂತಿಲ್ಲ. ಹಿಂದಿನ ಗುಮ್ಮಟದ ರೀತಿಯೇ ಬೇರೆ. ನೀವು ಬಾಯಿ ಬಿಟ್ಟರೆ ಅದೂ ಬಾಯಿ ಬಿಡುತ್ತದೆ! 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿ ಅದು. ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಹತ್ತಿದರೆ ಗುಮ್ಮಟದ ಒಳಸುತ್ತಿನ ಪಡಸಾಲೆ ಸಿಗುತ್ತದೆ. ಈ ಬದಿಯಿಂದ ಆ ಬದಿಗೆ ಸುಮಾರು 38 ಮೀಟರು.

"ನನ್ನ ಮೊಣಕಾಲು ನೂಸ್ತಾವ, ನೀವು ಹೋಗ್ರಿ" ಎಂದು ಅತ್ತೆಯವರು ಕೆಳಗೇ ಕುಳಿತರು. ಮೇಲೆ ನೆಗೆಣ್ಣಿ ಎದುರು ಬದಿಗೆ ಹೋದಳು. ಶಾಲೆಯ ಮಕ್ಕಳ ಗದ್ದಲ ಒಂದಿಷ್ಟು ತಗ್ಗುತ್ತಲೇ ನಾನು ಗೋಡೆಗೆ ಮುಖ ಹಚ್ಚಿ ಪಿಸುಗುಟ್ಟಿದೆ:

"ಅತ್ತಿಯವರ ಅಡಿಗಿ ಉಪ್ಪು ಸುರದಂಗ ಆಗ್ಲಿಕತ್ತೇದ. ಆರು ತಿಂಗಳಾತು. ನನಗ ಹೇಳೂ ಧೈರ್ಯ ಇಲ್ಲ, ನೀನರ ಹೇಳ."

ಗೋಡೆ ಉತ್ತರ ಕೊಟ್ಟಿತು: "ಆರು ತಿಂಗಳಿಂದ ಉಂಡು ಸುಮ್ಮನ ಕುಂತೀಯೇನ, ಯವ್ವಾ?"

ದನಿ ನೆಗೆಣ್ಣಿಯದಲ್ಲ! ಕೆಳಗೆ ಬೇಸರವಾಗಿ, ಚಿಕ್ಕ ನಾದಿನಿಯ ಕೈಹಿಡಿದು ಮೆಲ್ಲಗೆ ಹತ್ತಿ ಬಂದ ಅತ್ತೆಯವರು ಎದುರು ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಿದ್ದರು. "ಅಯ್ಯೋ!" ಎಂದು ಚೀರಿದೆ. ಗುಮ್ಮಟ ಬಿಟ್ಟೀತೆ? ನನ್ನ ಒಂದು ಅಯ್ಯೋಗೆ ಅದರದು ಏಳೆಂಟು. ಶಾಲೆಯ ಮಕ್ಕಳು ತಮ್ಮದನ್ನೂ ಸೇರಿಸಿದರು!

ಇದರಲ್ಲಿ ಮಾಟಮಂತ್ರವೇನೂ ಇಲ್ಲ. ಪಿಸುಮಾತು ಬಯಲಿನಲ್ಲಾದರೆ ಚದುರಿ ಹೋಗುತ್ತದೆ; ಇಲ್ಲಿ ಬಾಗಿದ ಗೋಡೆಗೆ ಅಂಟಿಕೊಂಡೇ ಸುತ್ತಿ ಬರುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲೂ ಇಂಥ ಪಡಸಾಲೆ ಉಂಟು. ಅಲ್ಲಿ ಎಷ್ಟು ಸೊಸೆಯರು ಸಿಕ್ಕಿಬಿದ್ದರೋ!

ಮರಳುವಾಗ ಸಿಂದಗಿಯವರೆಗೆ ಅತ್ತೆಯವರದು ಮಾತಿಲ್ಲ. ಆಮೇಲೆ ಕಿಟಕಿಯಾಚೆ ನೋಡುತ್ತಲೇ ಅಂದರು: "ಜ್ವರ ಬಂದು ಹೋದಾಗಿಂದ ನಾಲಿಗಿಗೆ ರುಚಿ ಹತ್ತವಲ್ದು. ಹೇಳಿದ್ರ ನನ್ನ ಒಲಿ ಮುಂದಿಂದ ಎಬ್ಬಸ್ತೀರಿ ಅಂತ ಅಂಜಿದ್ದೆ."

ನೋಡಿ, ಒಂದೇ ಅಡಿಗೆಮನೆಯಲ್ಲಿ ಅವರು ಅಂಜಿ ಮುಚ್ಚಿಟ್ಟರು, ನಾನು ಅಂಜಿ ನುಂಗಿಕೊಂಡೆ. ನಮ್ಮಿಬ್ಬರ ನಡುವೆ ಇದ್ದದ್ದು ಎರಡು ಮಾರು ದೂರ. ಮಾತು ಮುಟ್ಟಲು ಅಷ್ಟು ದೊಡ್ಡ ಗುಮ್ಮಟವೇ ಬೇಕಾಯಿತು!

ಈಗ ಡಾಕ್ಟರಿಗೆ ತೋರಿಸಿದ್ದೇವೆ. ಒಲೆ ಅತ್ತೆಯವರದೇ, ಉಪ್ಪಿನ ಡಬ್ಬಿ ಮಾತ್ರ ನನ್ನದು. ಪುಂಡಿಪಲ್ಯ ಮೊದಲಿನ ರುಚಿಗೆ ಬಂದಿದೆ.

ನೀವೂ ಒಮ್ಮೆ ಗೋಳಗುಮ್ಮಟಕ್ಕೆ ಹೋಗಿ ಬನ್ನಿ. ಜನ ಸೇರುವ ಮುಂಚೆ, ಬೆಳಿಗ್ಗೆ ಬೇಗ ಹೋದರೆ ಪಿಸುಮಾತು ಚೆನ್ನಾಗಿ ಕೇಳುತ್ತದೆ. ಆದರೆ ಬಾಯಿ ತೆರೆಯುವ ಮೊದಲು ಅತ್ತೆಯವರು ಎಲ್ಲಿದ್ದಾರೆ ನೋಡಿಕೊಳ್ಳಿ!