ಸಂತೆಯ ಎತ್ತು, ಸಾಕಿದ ಎತ್ತು

ಮೊನ್ನೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸಲ್ಲಿ ಹೋಗ್ತಿದ್ದೆ. ಪಕ್ಕದ ಹುಡುಗ ಮೊಬೈಲಲ್ಲಿ ಬೆಂಗಳೂರು ಎಫ್‌ಸಿಯ ಹಳೇ ಮ್ಯಾಚು ನೋಡ್ತಿದ್ದ. ನಾನೂ ಇಣುಕಿದೆ. ಚಟ ನೋಡಿ...

2022ರಲ್ಲಿ ರಾಯ್ ಕೃಷ್ಣ, ಜಿಂಗನ್ ಬಂದಾಗ ಕುಣಿದವನು ನಾನು. ಆ ವರ್ಷವೇ ಡ್ಯುರಾಂಡ್ ಕಪ್ ಬಂತು. 2023ರ ಮಾರ್ಚಿನಲ್ಲಿ ಐಎಸ್‌ಎಲ್ ಫೈನಲ್, ಪೆನಾಲ್ಟಿಯಲ್ಲಿ ಸೋಲು. ಇಬ್ಬರೂ ಹೊರಟರು. ಮುಂದಿನ ಸೀಸನ್ನಲ್ಲಿ 12 ತಂಡಗಳಲ್ಲಿ 10ನೇ ಸ್ಥಾನ! 2024ರ ಸೆಪ್ಟೆಂಬರಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಗೆದ್ದದ್ದು ಒಂದೇ ಗೋಲಿನಿಂದ, ಹೊಡೆದವನು ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ವಿನೀತ್ ವೆಂಕಟೇಶ್. ಆ ಸಲವೂ ಹೊರಗಿನಿಂದ ಆಟಗಾರರನ್ನು ತಂದಿದ್ದರು, ಸುಳ್ಳು ಹೇಳಬಾರದು. 2025ರ ಏಪ್ರಿಲ್ಲಿನಲ್ಲಿ ಮತ್ತೆ ಫೈನಲ್ ಆಡಿದರು, ಮತ್ತೆ ಸೋತರು.

ನಮ್ಮ ಕಡೆ ಮ್ಯಾಸಬೇಡರ ದೇವರ ಎತ್ತುಗಳನ್ನು ಕಿಲಾರಿಗಳು ಕಾಯ್ತಾರಲ್ಲ, ಅವನ್ನು ಮಾರೋದಿಲ್ಲ. ಅಮೃತಮಹಲ್ ಕರುವೂ ಅಷ್ಟೇ, ಬಲಿಯೋದು ನಿಧಾನ. ಅವಸರ ಇದ್ದವರು ಸಂತೆಗೆ ಹೋಗ್ತಾರೆ. ತಪ್ಪೇನಿಲ್ಲ, ಬಿತ್ತನೆ ಹೊತ್ತು ಕಾಯುತ್ತಾ?

ಆದ್ರೆ ನನಗೆ ಒಂದು ಚುಚ್ಚುತ್ತೆ. ಕಾಲೇಜಿನ ದಿನಗಳಲ್ಲಿ ನಮ್ಮೂರ ಟೀಮಿಗೆ ಒಂದು ಟೂರ್ನಮೆಂಟಿಗಾಗಿ ಹೊರಗಿನ ಇಬ್ಬರನ್ನು ಕರೆಸೋಣ ಅಂದವನು ನಾನೇ. ಮೂರು ವರ್ಷ ನಮ್ಮ ಜೊತೆ ದಿನಾ ಬೆಳಿಗ್ಗೆ ಓಡಿದ್ದ ಗೆಳೆಯನನ್ನು ಬೆಂಚಿಗೆ ಕೂರಿಸಿದ್ವಿ. ಕಪ್ ಬಂತು. ಅವನು ಮತ್ತೆ ಮೈದಾನಕ್ಕೆ ಬರಲಿಲ್ಲ.

ಈಗ ಎಣ್ಣೆ ಮಿಲ್ಲಿನ ಲಾರಿ ಓಡಿಸ್ತಾನೆ. ಸಿಕ್ಕಾಗ ಟೀ ಕುಡಿಸ್ತಾನೆ, ಮಳೆ, ಶೇಂಗಾ ರೇಟು ಎಲ್ಲಾ ಮಾತಾಡ್ತಾನೆ. ಫುಟ್‌ಬಾಲ್ ಒಂದು ಬಿಟ್ಟು.