ಸ್ಟಾರ್ಟ್ ಗುಂಡಿ ಇಲ್ಲದ ಜಾಯ್‌ಸ್ಟಿಕ್

ಕಳೆದ ಯುಗಾದಿಗೆ ಮುಂಚೆ ತಿಪಟೂರಿನ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಬೇಕಾಯಿತು. ತಾಮ್ರದ ಹಂಡೆ, ಮುರಿದ ತೊಟ್ಟಿಲು, ಅಪ್ಪನ ಹಳೆಯ ಲೆಕ್ಕದ ಪುಸ್ತಕಗಳು, ಎಲ್ಲಕ್ಕೂ ಹಿಂದೆ ಒಂದು ರಟ್ಟಿನ ಪೆಟ್ಟಿಗೆ. ಅದರ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಅಕ್ಕನ ದುಂಡು ಅಕ್ಷರ: ‘ವಿಡಿಯೋ ಗೇಮ್. ಯಾರೂ ಬಿಸಾಡಬೇಡಿ.’

ಧೂಳು ಕೊಡವಿ ತೆರೆದೆ. ಬಿಳಿ ಬಣ್ಣ ಹಳದಿಗೆ ತಿರುಗಿದ ಯಂತ್ರ, ಒಂದು ಪ್ಲಾಸ್ಟಿಕ್ ಬಂದೂಕು, ಮೂರು ಕ್ಯಾಸೆಟ್, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ವೈರುಗಳು. ಎರಡು ಜಾಯ್‌ಸ್ಟಿಕ್‌ಗಳನ್ನು ಒಂದಕ್ಕೊಂದು ಮುಖ ಮಾಡಿಸಿ ದಾರದಿಂದ ಕಟ್ಟಿದ್ದಳು. ದಾರ ಬಿಚ್ಚಿ ಎರಡನ್ನೂ ನೆಲದ ಮೇಲಿಟ್ಟೆ. ನೋಡಿದರೆ ಎರಡೂ ಒಂದೇ ಥರ. ಎಡಕ್ಕೆ ಕೂಡಿಸುವ ಚಿಹ್ನೆಯ ಆಕಾರದ ಗುಂಡಿ, ಬಲಕ್ಕೆ ಎ ಮತ್ತು ಬಿ. ಆದರೆ ಒಂದನೆಯದರ ನಡುವೆ ಎರಡು ಸಣ್ಣ ರಬ್ಬರ್ ಗುಂಡಿಗಳಿವೆ, ಸೆಲೆಕ್ಟ್ ಮತ್ತು ಸ್ಟಾರ್ಟ್. ಎರಡನೆಯದರಲ್ಲಿ ಆ ಜಾಗ ಖಾಲಿ. ಎರಡನೆಯದು ಅಕ್ಕನದಾಗಿತ್ತು.

1996ರ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಾವ ಈ ಪೆಟ್ಟಿಗೆಯನ್ನು ತಂದಿದ್ದರು. ಮೆಜೆಸ್ಟಿಕ್ ಹತ್ತಿರದ ಅಂಗಡಿಯಲ್ಲಿ ಕೊಂಡದ್ದು ಎಂದಿದ್ದು ನೆನಪಿದೆ. ನನಗೆ ಹನ್ನೊಂದು, ಅಕ್ಕನಿಗೆ ಹದಿನೈದು. ನಮಗೆ ಅದು ಬರೀ ‘ವಿಡಿಯೋ ಗೇಮ್’. ಅದರ ಮೂಲ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎನ್ನುವುದು, ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರ್ ರೂಪಿಸಿದ ಆ ಯಂತ್ರ 1983ರ ಜುಲೈ 15ರಂದು ಅಲ್ಲಿ ಮಾರಾಟಕ್ಕೆ ಬಂತು ಎನ್ನುವುದು, ನಮ್ಮಲ್ಲಿಗೆ ತಲುಪಿದ್ದು ಅದರ ನಕಲು ಎನ್ನುವುದು, ಇದೆಲ್ಲ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೂಲ ಫ್ಯಾಮಿಕಾಮ್‌ನ ಎರಡನೆಯ ಜಾಯ್‌ಸ್ಟಿಕ್‌ನಲ್ಲಿ ಸ್ಟಾರ್ಟ್ ಗುಂಡಿಯ ಬದಲು ಒಂದು ಪುಟ್ಟ ಮೈಕ್ ಇತ್ತಂತೆ. ನಕಲು ಮಾಡಿದವರು ಮೈಕನ್ನು ಕೈಬಿಟ್ಟರು, ಸ್ಟಾರ್ಟ್ ಗುಂಡಿಯನ್ನೂ ಕೊಡಲಿಲ್ಲ. ಹೀಗಾಗಿ ನಮ್ಮ ಅಕ್ಕನ ಕೈಗೆ ಬಂದ ಜಾಯ್‌ಸ್ಟಿಕ್‌ಗೆ ದನಿಯೂ ಇರಲಿಲ್ಲ, ಆಟ ಶುರು ಮಾಡುವ ಅಧಿಕಾರವೂ ಇರಲಿಲ್ಲ. ‘ಹಾಕೋ, ಬೇಗ ಹಾಕೋ’ ಎಂದು ಅವಳು ಹೇಳಬೇಕು, ನಾನು ಸ್ಟಾರ್ಟ್ ಒತ್ತಬೇಕು.

ಟಿವಿ ಇದ್ದದ್ದು ಹಾಲಿನಲ್ಲಿ. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಮನೆಗೆ ಬಂದಾಗ ಅಂಗಿಯಿಂದ ಕೊಬ್ಬರಿಯ ವಾಸನೆ ಬರುತ್ತಿತ್ತು. ‘ಪಿಕ್ಚರ್ ಟ್ಯೂಬ್ ಹೋಗುತ್ತೆ, ಒಂದು ಗಂಟೆ ಅಷ್ಟೇ’ ಎಂಬುದು ಅವರ ಕಾನೂನು. ಟಿವಿಯ ಹಿಂದೆ ಕೈ ಹಾಕಿ ಆಂಟೆನಾ ವೈರು ಕಿತ್ತು, ವಿಡಿಯೋ ಗೇಮಿನ ವೈರು ಚುಚ್ಚಿ, ಚಾನೆಲ್ ತಿರುಗಿಸುತ್ತ ಹೋದರೆ ಜೊರ್ರೆನ್ನುವ ಚುಕ್ಕಿಗಳ ನಡುವೆ ಎಲ್ಲೋ ಒಂದು ಕಡೆ ಆಟದ ಪಟ್ಟಿ ಮೂಡುತ್ತಿತ್ತು. ಮೂಡಿದ ಕೂಡಲೇ ಚಾಪೆ ಹಾಸಿ ಇಬ್ಬರೂ ಕೂರುತ್ತಿದ್ದೆವು. ವೈರು ಗಿಡ್ಡ. ಹಾಗಾಗಿ ಭುಜಕ್ಕೆ ಭುಜ ತಾಗಿಸಿಕೊಂಡೇ ಕೂರಬೇಕು. ಹಿಂದೆ ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತಿರುತ್ತಿದ್ದರು, ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಬಾತುಕೋಳಿ ಹೊಡೆಯುವ ‘ಡಕ್ ಹಂಟ್’ ಹಾಕಿದ ದಿನ ಬಂದೂಕು ಮನೆಮಂದಿಯ ಕೈಯೆಲ್ಲ ಸುತ್ತುತ್ತಿತ್ತು. ಅಜ್ಜಿ ಮಾತ್ರ ಮುಟ್ಟುತ್ತಿರಲಿಲ್ಲ. ‘ಬೊಂಬೆಯಾದರೂ ಹಕ್ಕಿ ಹಕ್ಕೀನೇ’ ಎನ್ನುತ್ತಿದ್ದರು.

ನನ್ನದೂ ಅಕ್ಕನದೂ ನಿಜವಾದ ಆಟ ‘ಕಾಂಟ್ರಾ’. ನೀಲಿಯವನು ನಾನು, ಕೆಂಪಿನವಳು ಅವಳು. ಕೊನಾಮಿ ಕಂಪನಿಯ ಆ ಆಟದಲ್ಲಿ ಎಂಟು ಹಂತ. ಮೂರನೆಯದು ಜಲಪಾತ. ಅದರಲ್ಲಿ ಮುಂದಕ್ಕೆ ಓಡುವ ಬದಲು ಬಂಡೆಯಿಂದ ಬಂಡೆಗೆ ನೆಗೆಯುತ್ತ ಮೇಲಕ್ಕೆ ಹತ್ತಬೇಕು. ಒಬ್ಬರು ಅವಸರದಲ್ಲಿ ಮೇಲೆ ಹೋದರೆ ಪರದೆಯೂ ಅವರ ಜೊತೆ ಮೇಲೇರುತ್ತದೆ. ಕೆಳಗೆ ಉಳಿದವರು ಪರದೆಯ ಅಂಚಿನಿಂದಾಚೆ ಬಿದ್ದು ಸಾಯುತ್ತಾರೆ. ಶತ್ರು ಬೇಕಿಲ್ಲ, ಜೊತೆಯವರ ಅವಸರವೇ ಸಾಕು. ಮೊದಮೊದಲು ನಾನು ಹೀಗೆ ಅಕ್ಕನನ್ನು ಎಷ್ಟು ಸಲ ಸಾಯಿಸಿದೆನೋ. ಅವಳು ಜಗಳವಾಡಲಿಲ್ಲ. ‘ನಿಲ್ಲೋ, ನಾನು ಬರೋವರೆಗೂ ನಿಲ್ಲು’ ಎಂದು ಹೇಳಿ ಹೇಳಿ ನಿಲ್ಲುವುದನ್ನು ಕಲಿಸಿದಳು. ಮೇಲಿನ ಬಂಡೆಯ ಮೇಲೆ ನಿಂತು ಅವಳಿಗಾಗಿ ಕಾಯುತ್ತ, ಅವಳ ಮೇಲೆ ಬೀಳುವ ಗುಂಡುಗಳನ್ನು ತಪ್ಪಿಸಲು ನಾನು ಗುಂಡು ಹಾರಿಸುತ್ತ ಆ ಹಂತವನ್ನು ಮೊದಲ ಬಾರಿ ದಾಟಿದ ಮಧ್ಯಾಹ್ನ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಆ ಆಟದಲ್ಲಿ ಇನ್ನೊಂದು ಏರ್ಪಾಡಿತ್ತು. ಒಬ್ಬರ ಲೈಫ್ ಎಲ್ಲ ಮುಗಿದರೆ, ಜೊತೆಯವರ ಬಳಿ ಉಳಿದಿದ್ದರೆ, ಅದರಿಂದ ಒಂದನ್ನು ತೆಗೆದುಕೊಂಡು ಮತ್ತೆ ಆಡಬಹುದು. ಗುಂಡಿ ಒತ್ತಿದರೆ ಸಾಕು, ಜೊತೆಯವರನ್ನು ಕೇಳಬೇಕೆಂದೇನೂ ಇಲ್ಲ. ನಾನು ಕೇಳದೆ ತೆಗೆದುಕೊಳ್ಳುತ್ತಿದ್ದೆ. ಅಕ್ಕ ಪ್ರತಿ ಸಲವೂ ನನ್ನ ಕಡೆ ತಿರುಗಿ ‘ಒಂದು ಲೈಫ್ ತಗೊಳ್ಲಾ?’ ಎನ್ನುತ್ತಿದ್ದಳು. ನಾನು ಹ್ಞೂಂ ಅಂದ ಮೇಲೆಯೇ ಒತ್ತುತ್ತಿದ್ದಳು.

ಮಾಡಿದ್ದನ್ನು ಉಳಿಸಿಟ್ಟುಕೊಳ್ಳುವ ದಾರಿಯೇ ಆ ಆಟದಲ್ಲಿರಲಿಲ್ಲ. ಏಳನೆಯ ಹಂತ ತಲುಪಿದಾಗ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಕತ್ತಲಲ್ಲಿ ಜಾಯ್‌ಸ್ಟಿಕ್ ಹಿಡಿದೇ ಕೂತು, ಎಲ್ಲಿ ತಪ್ಪಿತು, ಯಾವ ಬಂಡೆಯ ಹಿಂದೆ ನಿಲ್ಲಬೇಕಿತ್ತು ಎಂದು ಮಾತಾಡುತ್ತಿದ್ದೆವು. ಆಟ ಹಿಡಿಯದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದುವುದು ಅಕ್ಕನ ಕೆಲಸ. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ, ತೆಗೆದು ಮತ್ತೆ ಚುಚ್ಚಿದಾಗ ತಾಮ್ರದ ಹಲ್ಲುಗಳು ಸರಿಯಾಗಿ ಕೂಡಿಕೊಳ್ಳುತ್ತಿದ್ದವು ಅಷ್ಟೆ, ಉಸಿರಿನ ತೇವದಿಂದ ಅವಕ್ಕೆ ಕಿಲುಬು ಹಿಡಿಯುವ ಸಾಧ್ಯತೆಯೇ ಹೆಚ್ಚು ಎಂದು ಈಗ ಬಲ್ಲೆ. ಆದರೂ ಅವಳು ಊದಿ ಹಾಕಿದರೆ ಆಟ ಬರುತ್ತಿತ್ತು ಎಂದೇ ನನ್ನ ಮನಸ್ಸು ನಂಬಿದೆ.

2001ರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮುಗಿಯಿತು. ‘ಮುಂದೆ ಎಲ್ಲ ಕಂಪ್ಯೂಟರೇ’ ಎಂದು ಅಪ್ಪ ಸಾಲ ಮಾಡಿ, ಮಾವನನ್ನು ಜೊತೆಗಿಟ್ಟುಕೊಂಡು ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋಗಿ ಬಿಡಿಭಾಗ ಜೋಡಿಸಿದ ಕಂಪ್ಯೂಟರ್ ತಂದರು. ಪೆಂಟಿಯಮ್ 3, ವಿಂಡೋಸ್ 98. ಹಳೆಯ ಯಂತ್ರದ ಮೆದುಳು 2 ಮೆಗಾಹರ್ಟ್ಸ್ ಕೂಡ ಮುಟ್ಟುತ್ತಿರಲಿಲ್ಲ, ಅದರ ಕೆಲಸದ ಮೆಮೊರಿ 2 ಕಿಲೋಬೈಟ್. ಇದರದು 800 ಮೆಗಾಹರ್ಟ್ಸ್, 128 ಮೆಗಾಬೈಟ್. ಇಷ್ಟು ದೊಡ್ಡ ಸಾಮಾನನ್ನು ಹಾಲಿನಲ್ಲಿಟ್ಟರೆ ಧೂಳು ಹಿಡಿಯುತ್ತದೆ, ಓದುವವನಿಗೆ ತೊಂದರೆ ಎಂದು ನನ್ನ ಕೋಣೆಯಲ್ಲಿಟ್ಟರು. ಒಂದು ಮೇಜು, ಒಂದು ಕುರ್ಚಿ.

ಕಂಪ್ಯೂಟರ್ ನನಗೆ ಕೊಟ್ಟದ್ದು ಕಡಿಮೆಯಲ್ಲ. ‘ಏಜ್ ಆಫ್ ಎಂಪೈರ್ಸ್’ನಲ್ಲಿ ಊರು ಕಟ್ಟಿದೆ, ಹೊಲ ಉತ್ತೆ, ಸೈನ್ಯ ಬೆಳೆಸಿದೆ. ‘ಮಿಡ್‌ಟೌನ್ ಮ್ಯಾಡ್‌ನೆಸ್‌’ನಲ್ಲಿ ಷಿಕಾಗೊ ನಗರದ ಬೀದಿಬೀದಿಯಲ್ಲಿ ಕಾರು ಓಡಿಸಿದೆ. ಅಲ್ಲಿಯವರೆಗೆ ಹೆಚ್ಚಾಗಿ ಎಡದಿಂದ ಬಲಕ್ಕೆ ಓಡುತ್ತಿದ್ದ ನನ್ನ ಪ್ರಪಂಚಕ್ಕೆ ಆಳ ಬಂತು. ಆಟವನ್ನು ಸೇವ್ ಮಾಡಬಹುದಿತ್ತು. ಕರೆಂಟ್ ಹೋದರೆ ಯುಪಿಎಸ್ ಕೂಗುತ್ತಿತ್ತು, ಅಷ್ಟರಲ್ಲಿ ಎಲ್ಲವನ್ನೂ ಉಳಿಸಿ ಮುಚ್ಚಬಹುದಿತ್ತು. ಕಳೆದುಕೊಳ್ಳುವ ಭಯವೇ ಹೋಯಿತೆಂದು ಹಿಗ್ಗಿದೆ.

ಸ್ನೇಹಿತನೊಬ್ಬ ಕೊಟ್ಟ ಸಿಡಿಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಇತ್ತು. ಆ ಹೊತ್ತಿಗೇ ಹಳೆಯದಾಗಿದ್ದ ಆಟ, 1989ರದ್ದು. ಸೆರೆಮನೆಯಿಂದ ತಪ್ಪಿಸಿಕೊಂಡು ಅರವತ್ತು ನಿಮಿಷದಲ್ಲಿ ರಾಜಕುಮಾರಿಯನ್ನು ತಲುಪಬೇಕು. ಅದರ ರಾಜಕುಮಾರ ಬೊಂಬೆಯಂತೆ ಓಡುತ್ತಿರಲಿಲ್ಲ, ಮನುಷ್ಯನಂತೆ ಓಡುತ್ತಿದ್ದ. ನೆಗೆದು ಅಂಚು ಹಿಡಿದರೆ ಮೈಭಾರ ಕಾಣುತ್ತಿತ್ತು. ನಾನು ಮಂತ್ರ ಹಾಕಿದಂತೆ ಕೂತೆ. ಮೂರು ದಿನ ಅಕ್ಕ ನನ್ನ ಕುರ್ಚಿಯ ಹಿಂದೆ ನಿಂತು ನೋಡಿದಳು. ‘ಅಲ್ಲಿ ಹಲಗೆ ಅಲ್ಲಾಡ್ತಿದೆ ನೋಡು’ ಎಂದು ಬೆರಳು ತೋರಿಸಿದಳು. ಮೂರನೆಯ ದಿನ ಕೇಳಿದಳು: ‘ನನಗೇನೂ ಇಲ್ವೇನೋ ಇದರಲ್ಲಿ?’

‘ಇದು ಒಬ್ಬರೇ ಆಡೋದು’ ಎಂದೆ. ತಿರುಗಿ ನೋಡದೆ ಹೇಳಿದೆ. ಗಡಿಯಾರ ಓಡುತ್ತಿತ್ತು, ನೋಡಲು ಪುರುಸೊತ್ತಿರಲಿಲ್ಲ. ನಾಲ್ಕನೆಯ ದಿನದಿಂದ ಅವಳು ಬರಲಿಲ್ಲ. ಬರಲಿಲ್ಲ ಎನ್ನುವುದು ನನ್ನ ಗಮನಕ್ಕೂ ಬರಲಿಲ್ಲ.

ಆ ಆಟವನ್ನು ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ನೆಗೆಸಿ, ಅದನ್ನು ವಿಡಿಯೋ ಮಾಡಿಕೊಂಡು, ಒಂದೊಂದು ಭಂಗಿಯನ್ನೂ ನೋಡಿ ನೋಡಿ ರಾಜಕುಮಾರನನ್ನು ಬಿಡಿಸಿದ ಎಂದು ಬಹಳ ತಡವಾಗಿ ಓದಿದೆ. ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಒಬ್ಬರೇ ಆಡುವ ಆಟವೆಂದು ನಾನು ಅಕ್ಕನನ್ನು ಹೊರಗಿಟ್ಟ ಆಟದೊಳಗೆ ಓಡುತ್ತಿದ್ದದ್ದು ಯಾರದೋ ಒಡಹುಟ್ಟು. ಇನ್ನೊಂದು ಸಂಗತಿಯೂ ಇದೆ. ಆಟ ರೂಪುಗೊಳ್ಳುತ್ತಿದ್ದ ಕಂಪ್ಯೂಟರಿನ ಮೆಮೊರಿ ತುಂಬಿಹೋಗಿ, ಎದುರಾಳಿಯೊಬ್ಬನನ್ನು ಹೊಸದಾಗಿ ಬಿಡಿಸಲು ಜಾಗವಿರಲಿಲ್ಲವಂತೆ. ಆಗ ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಬಳಸಿ ಅವನ ನೆರಳನ್ನು ಸೃಷ್ಟಿಸಿದ. ಕನ್ನಡಿಯೊಳಗಿಂದ ಹೊರಬರುವ ಆ ನೆರಳು ಕೊನೆಯಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ನಮಗೇ. ಕತ್ತಿಯನ್ನು ಒರೆಗೆ ಸೇರಿಸಿದರೆ ಮಾತ್ರ ಇಬ್ಬರೂ ಒಂದಾಗಿ ದಾರಿ ತೆರೆಯುತ್ತದೆ. ಹದಿನಾರರ ವಯಸ್ಸಿನಲ್ಲಿ ಅದನ್ನು ಬರೀ ಒಂದು ಒಗಟೆಂದು ಬಿಡಿಸಿ ಮುಂದೆ ಹೋದೆ.

2004ರಲ್ಲಿ ಅಕ್ಕನ ಮದುವೆಯಾಯಿತು, ಹುಬ್ಬಳ್ಳಿಗೆ ಹೋದಳು. ಅಜ್ಜಿ ತೀರಿಕೊಂಡರು. ಡಬ್ಬದಂಥ ಟಿವಿ ಗುಜರಿಗೆ ಹೋಯಿತು. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಒಂದಾದ ಮೇಲೊಂದು ಕಂಪ್ಯೂಟರ್ ಕೊಂಡೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಮುಖ ನೋಡದ ಜನರ ಜೊತೆ ರಾತ್ರಿಯೆಲ್ಲ ಆಡಿದೆ. ಅವರಲ್ಲಿ ಒಳ್ಳೆಯವರೂ ಇದ್ದರು. ಯಾರ ಭುಜವೂ ತಾಗುತ್ತಿರಲಿಲ್ಲ.

ತಪ್ಪನ್ನು ಕಂಪ್ಯೂಟರಿನ ಮೇಲೆ ಹೊರಿಸಲಾರೆ. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವ ಆಟಗಳು ಆಗಲೂ ಇದ್ದವು. ಹುಡುಕಿದ್ದರೆ ಸಿಗುತ್ತಿದ್ದವು, ನಾನು ಹುಡುಕಲಿಲ್ಲ. ಅಡುಗೆಮನೆಯಲ್ಲಿ ಇನ್ನೊಂದು ಕುರ್ಚಿಯಿತ್ತು, ತರಲಿಲ್ಲ. ಹಳೆಯ ಯಂತ್ರದಲ್ಲಿ ವೈರು ಗಿಡ್ಡವಾದ್ದರಿಂದ, ಟಿವಿ ಎಲ್ಲರದಾದ್ದರಿಂದ, ಎರಡನೆಯ ಜಾಯ್‌ಸ್ಟಿಕ್ ಪೆಟ್ಟಿಗೆಯಲ್ಲೇ ಬಂದದ್ದರಿಂದ ಜೊತೆಗಾರಿಕೆ ತಾನಾಗಿ ಒದಗಿತ್ತು. ಕಂಪ್ಯೂಟರ್ ಬಂದ ಮೇಲೆ ಅದನ್ನು ನಾವೇ ಕರೆದು ಕೂರಿಸಬೇಕಿತ್ತು. ತಾನಾಗಿ ಬಂದದ್ದರ ಬೆಲೆ ನನಗೆ ಗೊತ್ತಿರಲಿಲ್ಲ.

ಸುಣ್ಣ ಹೊಡೆದು ಮುಗಿದ ವಾರ, ಹಬ್ಬಕ್ಕೆ ಅಕ್ಕ ಬಂದಳು. ಹಳೆಯ ಯಂತ್ರಕ್ಕೆ ಜೀವ ಬರಲಿಲ್ಲ. ಬಂದಿದ್ದರೂ ಆ ಬಂದೂಕು ಈಗಿನ ಚಪ್ಪಟೆ ಟಿವಿಯಲ್ಲಿ ನಡೆಯುವುದಿಲ್ಲ. ಗುಂಡಿ ಒತ್ತಿದ ಕ್ಷಣಕ್ಕೆ ಪರದೆಯಲ್ಲಿ ಮಿಂಚುವ ಬೆಳಕನ್ನು ಹಿಡಿಯುವ ಅದರ ಕಣ್ಣು ಹಳೆಯ ಪಿಕ್ಚರ್ ಟ್ಯೂಬಿನ ವೇಗವನ್ನಷ್ಟೇ ಬಲ್ಲದು. ನಾನು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಹೊಸ ಜಾಯ್‌ಸ್ಟಿಕ್ ಎರಡನ್ನು ಚುಚ್ಚಿ ‘ಕಾಂಟ್ರಾ’ ಹಾಕಿದೆ. ಈಗಿನವುಗಳಲ್ಲಿ ಎರಡಕ್ಕೂ ಸ್ಟಾರ್ಟ್ ಇದೆ. ಒಂದನೆಯದನ್ನು ಅಕ್ಕನ ಕೈಗಿಟ್ಟೆ. ಅವಳು ಅದನ್ನು ತಿರುಗಿಸಿ ನೋಡಿ, ‘ನಂದು ಎರಡನೇದಲ್ವೇನೋ?’ ಎಂದಳು.

ಜಲಪಾತದವರೆಗೆ ಬಂದೆವು. ಅವಳ ಬೆರಳುಗಳು ತಡವರಿಸುತ್ತಿದ್ದವು. ನಾನು ಮೇಲಿನ ಬಂಡೆಯ ಮೇಲೆ ನಿಂತು ಕಾದೆ. ಅವಳ ಲೈಫ್ ಮುಗಿಯಿತು. ‘ನನ್ನದು ತಗೋ ಅಕ್ಕ’ ಎಂದೆ. ‘ಸಾಕು ಬಿಡೋ, ಒಬ್ಬಟ್ಟಿಗೆ ಹೂರಣ ರುಬ್ಬಬೇಕು’ ಎಂದು ಎದ್ದಳು. ಅವಳು ಹೋದ ಮೇಲೆ ಅಮ್ಮ ಮೆಲ್ಲಗೆ ಹೇಳಿದರು: ‘ನೀನು ಕಂಪ್ಯೂಟರ್ ಮುಂದೆ ಕೂತ ಮೇಲೂ ಒಂದು ತಿಂಗಳು ಆ ವಿಡಿಯೋ ಗೇಮಿನ ವೈರು ಟಿವಿಯಿಂದ ಕೀಳೋಕೆ ಅವಳು ಬಿಡಲಿಲ್ಲ ಕಣಪ್ಪ. ಬರ್ತಾನೆ ಅಂತಿದ್ದಳು. ಆಮೇಲೆ ಅವಳೇ ಕಟ್ಟಿಟ್ಟಳು.’

ಪೆಟ್ಟಿಗೆಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಎರಡನೆಯ ಜಾಯ್‌ಸ್ಟಿಕ್ ಈಗ ನನ್ನ ಮೇಜಿನ ಮೇಲಿದೆ, ಮೇಜಿನ ಮುಂದೆ ಎರಡು ಕುರ್ಚಿಗಳಿವೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿಯೂ ಪರದೆಯ ಮುಂದೆ ಒಬ್ಬರು ಕೂತು, ಹಿಂದೆ ಇನ್ನೊಬ್ಬರು ಸುಮ್ಮನೆ ನಿಂತು ನೋಡುತ್ತಿರಬಹುದು. ಕೂತವರು ನೀವಾಗಿದ್ದರೆ, ದಯವಿಟ್ಟು ಆಟ ನಿಲ್ಲಿಸಿ ಒಮ್ಮೆ ತಿರುಗಿ ನೋಡಿ. ನಿಂತವರ ಕೈಯಲ್ಲಿ ಸ್ಟಾರ್ಟ್ ಗುಂಡಿ ಇರುವುದಿಲ್ಲ. ನೀವೇ ಒತ್ತಬೇಕು.